ಅಪ್ಪಚ್ಚಿಯ ಡಾಂಗಲ್

ಕಾಸರಗೋಡಿನ ಬದಿಯಡ್ಕದಲ್ಲಿರುವ ನಮ್ಮ ಅಪ್ಪಚ್ಚಿಯ (ಚಿಕ್ಕಪ್ಪನ) ಕಪಾಟಿನಲ್ಲಿ ಒಂದು ಡಾಂಗಲ್ ಇದೆ. 2016ರಲ್ಲಿ ದೂರದರ್ಶನ ನೆಟ್ ಇಲ್ಲದೆ ಮೊಬೈಲಿಗೆ ಟಿವಿ ಕೊಡಲು ಹೊರಟಾಗ, ಬೆಂಗಳೂರಿನಲ್ಲಿದ್ದ ನನ್ನಿಂದ ತರಿಸಿಕೊಂಡದ್ದು. ಮೊಬೈಲಿನ ಬುಡಕ್ಕೆ ಸಿಕ್ಕಿಸಬೇಕು, ಪುಟ್ಟ ಅಂಟೆನಾ ಎಳೆಯಬೇಕು, ಟಿವಿ ಬರಬೇಕು. ಬರಲಿಲ್ಲ. ಸಿಗ್ನಲ್ ಇದ್ದದ್ದು 16 ನಗರಗಳಲ್ಲಿ. ಬೆಂಗಳೂರು ಪಟ್ಟಿಯಲ್ಲಿತ್ತು, ಬದಿಯಡ್ಕ ಹೇಗೋ ಬಿಟ್ಟುಹೋಗಿತ್ತು.

ಮೊನ್ನೆ ಅಪ್ಪಚ್ಚಿಯ ಫೋನ್. "ಮಾಣಿ, ನೆಟ್ ಇಲ್ಲದೆ ಟಿವಿ ಬರ್ತದಂತೆ ಮತ್ತೆ. ನನ್ನ ಹತ್ರ ಡಾಂಗಲ್ ಉಂಟಲ್ಲ?"

ಹೇಗೆ ಹೇಳುವುದು! ಟಿವಿ ಸಿಗ್ನಲ್ ಕಳಿಸುವುದಕ್ಕೂ ಒಂದೊಂದು ಸ್ಟಾಂಡರ್ಡ್, ಅಂದರೆ ಭಾಷೆ, ಇರುತ್ತದೆ. ಆ ಡಾಂಗಲ್‌ಗೆ ಗೊತ್ತಿರುವ ಭಾಷೆ ಡಿವಿಬಿ-ಟಿ2. ನೆಟ್ ಇಲ್ಲದೆ ನೇರ ಮೊಬೈಲಿಗೆ ಟಿವಿ ಕಳಿಸುವ ಈಗಿನ ಡೈರೆಕ್ಟ್ ಟು ಮೊಬೈಲ್ ಮಾತಾಡುವುದು ಎಟಿಎಸ್‌ಸಿ 3.0. ಅದಕ್ಕೂ ಮೊದಲು, 2007ರಲ್ಲಿ, ದೆಹಲಿಯಲ್ಲಿ ಡಿವಿಬಿ-ಎಚ್ ಅಂತ ಒಂದು ಪ್ರಯೋಗ ಆಗಿತ್ತು. ಆಗಿನ ಫೋನಿಗೆ ಈ ಎರಡೂ ತಿಳಿಯುವುದಿಲ್ಲ. ಮೂರು ಸಲ ನಿಶ್ಚಿತಾರ್ಥ, ಮೂರು ಸಲವೂ ಬೇರೆ ವರ, ಮಂಟಪದಲ್ಲಿ ಕಾಯುತ್ತಾ ಕೂತ ನಾವು ಮಾತ್ರ ಅವರೇ.

ಸರಕಾರ 2024ರ ಜನವರಿಯಲ್ಲಿ ಹೇಳಿದ ಪ್ರಕಾರ ಈ ಸಲ ಪರೀಕ್ಷೆ 19 ನಗರಗಳಲ್ಲಿ. ಅಂದರೆ ಎಂಟು ವರ್ಷಕ್ಕೆ ಮೂರು ನಗರ ಜಾಸ್ತಿ ಆಯ್ತು. ಈ ಸ್ಪೀಡಿನಲ್ಲಿ ಬದಿಯಡ್ಕದ ಸರದಿ ಬರುವಾಗ ಅಪ್ಪಚ್ಚಿ ಬಿಡಿ, ನಾನೂ ಇರುವುದಿಲ್ಲ. ಬಂದರೂ ಈಗ ಕೈಯಲ್ಲಿರುವ ಫೋನಿನಲ್ಲಿ ಅದಕ್ಕೆ ಬೇಕಾದ ಚಿಪ್ಪೇ ಇಲ್ಲ. ಪುಕ್ಕಟೆ ಟಿವಿ ನೋಡಲು ಹೊಸ ಫೋನ್ ತಗೊಳ್ಳಬೇಕು, ಇಲ್ಲವೇ ಇನ್ನೊಂದು ಡಾಂಗಲ್. ಕಪಾಟಿನಲ್ಲಿ ಜಾಗ ಇದೆ, ಅದಕ್ಕೇನು.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ಹೀಗೆ ಮಾಡಿದ್ದರಾ? ಕಪ್ಪು ಬಿಳುಪಿನ ಸಿಗ್ನಲ್ಲನ್ನು ಹಾಗೇ ಇಟ್ಟು, ಬಣ್ಣವನ್ನು ಅದರ ಬೆನ್ನ ಮೇಲೆ ಕೂರಿಸಿ ಕಳಿಸಿದರು. ಬಣ್ಣದ ಸೆಟ್ ಇದ್ದವರು ಬಣ್ಣದಲ್ಲಿ ನೋಡಿದರು, ಇಲ್ಲದವರಿಗೆ ಕಪ್ಪು ಬಿಳುಪು. ಆಮೇಲೆ ನಮ್ಮ ಮನೆಗೆ ಬಂದದ್ದೂ ಕಪ್ಪು ಬಿಳುಪಿನದ್ದೇ. ಅಪ್ಪಚ್ಚಿ ಮಾಡಿನ ಮೇಲೆ ನಿಂತು ಅಂಟೆನಾವನ್ನು ಮಂಗಳೂರಿನ ಕಡೆಗೆ ತಿರುಗಿಸುತ್ತಾ "ಕಾಣ್ತದಾ?" ಅಂತ ಬೊಬ್ಬೆ ಹಾಕುತ್ತಿದ್ದರು. ಕಾಣುತ್ತಿತ್ತು ಮಾರಾಯ್ರೆ! ಬಿದಿರಿನ ಗಳಕ್ಕೆ ಕಟ್ಟಿದ ಅಲ್ಯೂಮಿನಿಯಂ ಕಡ್ಡಿಯಲ್ಲಿ.

ಅಮೆರಿಕದಲ್ಲೂ 2009ರಲ್ಲಿ ಮೊಬೈಲ್ ಟಿವಿಗೆ ಒಂದು ಸ್ಟಾಂಡರ್ಡ್ ಮಾಡಿದ್ದರು. ಮನೆಯ ಟಿವಿಗೆ ಹೋಗುವ ಚಾನೆಲ್‌ನೊಳಗೇ ಮೊಬೈಲಿನ ಪ್ಯಾಕೆಟ್‌ಗಳನ್ನೂ ತುರುಕುವುದು. ಹಳೇ ಟಿವಿ ತನಗೆ ಗೊತ್ತಿಲ್ಲದ ಪ್ಯಾಕೆಟ್ ಬಂದರೆ ಇದು ನನಗಲ್ಲ ಅಂತ ಸುಮ್ನೆ ಬಿಟ್ಟು, ತನ್ನದನ್ನು ಮಾತ್ರ ತೋರಿಸುತ್ತದೆ. (ಅದು ಹೆಚ್ಚು ದಿನ ಓಡಲಿಲ್ಲ, ಬೇರೆ ವಿಷಯ.)

ಕಾಸರಗೋಡಿನ ಕನ್ನಡಿಗರಿಗೆ ಈ ಟೆಕ್ನಾಲಜಿ ಬಹಳ ಮೊದಲೇ ಬಂದಿದೆ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿ ಸ್ಟಾಂಡರ್ಡ್ ಬದಲಾಯ್ತು, ಸೆಟ್ ಹಳೆಯದೇ ಉಳಿಯಿತು. ಕಚೇರಿಯಿಂದ ಮಲಯಾಳದಲ್ಲಿ ನೋಟಿಸ್ ಬಂದರೆ ಅಪ್ಪಚ್ಚಿ ಆ ಅಮೆರಿಕದ ಟಿವಿಯ ಹಾಗೆ, ಇದು ನನಗಲ್ಲ ಅಂತ ಬದಿಗಿಡುತ್ತಾರೆ. ಆದರೆ ಟಿವಿಗೆ ಕಡೇ ದಿನಾಂಕ, ದಂಡ ಇವೆಲ್ಲ ಇಲ್ಲ. ಇವರಿಗೆ ಉಂಟು.

ಅದಕ್ಕೇ ಮನೆಯಲ್ಲಿ ಒಂದು ಸೆಟ್ ಟಾಪ್ ಬಾಕ್ಸ್ ಇದೆ. ಮೂರನೇ ಕ್ಲಾಸು, ಎರಡು ಜಡೆ, ಶಾಲೆಯಲ್ಲಿ ಮಲಯಾಳ ಕಲಿಯುತ್ತಿದೆ. ಅಜ್ಜನ ಮಡಿಲಲ್ಲಿ ಕೂತು ನೋಟಿಸ್ ಓದಿ ಹೇಳುತ್ತದೆ. ಮೊದಲು ಪುಟಕ್ಕೆ ಒಂದು ಚಾಕಲೇಟ್ ಇತ್ತು. ಈ ತಿಂಗಳಿಂದ ಎರಡು.