ದೆವ್ವದ ಬಯೋಡೇಟಾ

"ಸಿನಿಮಾದಲ್ಲಿ ಲಾಜಿಕ್ಕೇ ಇಲ್ಲ."

ದೆವ್ವದ ಸಿನಿಮಾ ನೋಡಿ ಬಂದವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಎದ್ದು ನಿಂತು ಕೈ ಮುಗಿಯಬೇಕು ಅನಿಸುತ್ತದೆ. ಸತ್ತವರು ಬಂದು ಮಕ್ಕಳ ಮೈಮೇಲೆ ಕೂರುವ ಕಥೆಗೆ ದುಡ್ಡು ಕೊಟ್ಟು ಹೋಗಿ, ಅಲ್ಲಿ ಲಾಜಿಕ್ ಹುಡುಕಿ, ಸಿಗದೆ ಮನಸ್ಸು ನೋಯಿಸಿಕೊಂಡು ಬರುವುದು ಎಲ್ಲರ ಕೈಲಾಗುವ ಕೆಲಸವಲ್ಲ.

2016ರ 'ಓಯಿಜಾ: ಒರಿಜಿನ್ ಆಫ್ ಈವಿಲ್' ನೋಡಿ. ಕಥೆ ನಿಮಗೆ ಗೊತ್ತೇ ಇದೆ. 1967ರ ಲಾಸ್ ಏಂಜಲೀಸ್. ಗಂಡನನ್ನು ಕಳೆದುಕೊಂಡ ಹೆಂಗಸು, ಇಬ್ಬರು ಹೆಣ್ಣುಮಕ್ಕಳು. ಸತ್ತವರ ಜೊತೆ ಮಾತಾಡಿಸುತ್ತೇನೆ ಅಂತ ನಾಟಕ ಆಡಿ ಸಂಸಾರ ನಡೆಸುತ್ತಾಳೆ. ವ್ಯಾಪಾರ ಸ್ವಲ್ಪ ಕುದುರಲಿ ಅಂತ ಮನೆಗೆ ಒಂದು ಓಯಿಜಾ ಬೋರ್ಡ್ ತರುತ್ತಾಳೆ. ಅಕ್ಷರ ಬರೆದ ಹಲಗೆ ಅದು, ಮೇಲಿಟ್ಟ ಪುಟ್ಟ ತುಂಡಿನ ಮೇಲೆ ಬೆರಳಿಟ್ಟರೆ ತುಂಡು ಅಕ್ಷರದಿಂದ ಅಕ್ಷರಕ್ಕೆ ಸರಿದು ಆತ್ಮದ ಉತ್ತರ ಹೇಳುತ್ತದಂತೆ. ಚಿಕ್ಕ ಮಗಳನ್ನು ದೆವ್ವ ಹಿಡಿಯುತ್ತದೆ. ಆ ಪುಟ್ಟ ಹುಡುಗಿಯ ಬಾಯಿ ಮೊಳದಗಲ ತೆರೆದುಕೊಳ್ಳುತ್ತದೆ, ಕಣ್ಣು ಬೆಳ್ಳಗಾಗುತ್ತದೆ, ಯಾರೂ ಕಲಿಸದ ಪೋಲಿಷ್ ಭಾಷೆಯಲ್ಲಿ ಪುಟಗಟ್ಟಲೆ ಬರೆಯುತ್ತಾಳೆ. ಇದಕ್ಕೆಲ್ಲ ನಮ್ಮ ನೋಡುಗರ ತಕರಾರಿಲ್ಲ. ಅವರ ತಕರಾರು ಬೇರೆ: "ಇಷ್ಟೆಲ್ಲ ಆದ ಮೇಲೂ ಆ ಮನೆ ಬಿಟ್ಟು ಯಾಕೆ ಹೋಗಲ್ಲ?"

ಸ್ವಾಮಿ, ಹೋಗುವುದಾದರೂ ಎಲ್ಲಿಗೆ? ಸಾಲ ಕಟ್ಟಲಾಗದೆ ಮನೆ ಜಪ್ತಿಯಾಗುವ ಹಂತಕ್ಕೆ ಬಂದಿದೆ. ಆಗ ನೆಲಮಾಳಿಗೆಯ ಗೋಡೆಯೊಳಗೆ ಬಚ್ಚಿಟ್ಟ ದುಡ್ಡು ತೋರಿಸಿಕೊಟ್ಟಿದ್ದೇ ದೆವ್ವ. ಬ್ಯಾಂಕು ನೋಟಿಸು ಕಳಿಸುತ್ತದೆ, ದೆವ್ವ ಸಾಲ ತೀರಿಸುತ್ತದೆ. ಆ ತಾಯಿಯ ಜಾಗದಲ್ಲಿ ನೀವಿದ್ದರೆ ಇಬ್ಬರಲ್ಲಿ ಯಾರಿಗೆ ಹೆದರುತ್ತಿದ್ದಿರಿ? ಇಡೀ ಸಿನಿಮಾದಲ್ಲಿ ಲೆಕ್ಕ ಸರಿಯಾಗಿ ಕೂಡಿಬರುವ ಜಾಗ ಇದೊಂದೇ. ಲಾಜಿಕ್ ಪ್ರಿಯರು ಸರಿಯಾಗಿ ಅದನ್ನೇ ಹಿಡಿದು ಜಾಡಿಸಿದರು.

ಇನ್ನೊಂದು ಪಂಗಡ ಇದೆ. "ನಂಗೆ ಭಯವೇ ಆಗ್ಲಿಲ್ಲ" ಪಂಗಡ. ನಗೆನಾಟಕಕ್ಕೆ ಹೋಗಿ ನಗು ಬರಲಿಲ್ಲ ಅಂದವನನ್ನು ಸಪ್ಪೆ ಮನುಷ್ಯ ಅನ್ನುತ್ತೇವೆ. ಆದರೆ ದೆವ್ವದ ಸಿನಿಮಾ ನೋಡಿ ಭಯ ಆಗಲಿಲ್ಲ ಅಂದವನನ್ನು ಶೂರ ಅಂತ ಒಪ್ಪಿಕೊಳ್ಳಬೇಕು. ಅವನು ನೋಡಿದ್ದು ಮಧ್ಯಾಹ್ನ, ಕಿಟಕಿ ತೆರೆದಿಟ್ಟು, ಮೊಬೈಲಿನಲ್ಲಿ, ನಡುನಡುವೆ ಎರಡು ಫೋನು ಮಾತಾಡಿಕೊಂಡು. ಇರಲಿ. ಶೌರ್ಯಕ್ಕೆ ಹೊತ್ತು ಗೊತ್ತು ಇದೆಯೇ?

ಇವರು ಕೊಡುವ ಅಂಕಗಳನ್ನು ನೋಡಿದರೆ ನಿಜಕ್ಕೂ ಮೈಮೇಲೆ ಏನೋ ಬಂದಂತಾಗುತ್ತದೆ. 2014ರಲ್ಲಿ ಬಂದ ಮೊದಲ 'ಓಯಿಜಾ' ಸಿನಿಮಾಕ್ಕೆ ವಿಮರ್ಶಕರು ಉಗಿದ ಪರಿಗೆ, ವಿಮರ್ಶೆಗಳನ್ನೆಲ್ಲ ಕೂಡಿಸಿ ಅಂಕ ಹಾಕುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನಲ್ಲಿ ಅದು ಶೇ. 6ರ ಆಸುಪಾಸಿನಲ್ಲಿ ಬಿದ್ದುಕೊಂಡಿದೆ. ಅದರ ಪೂರ್ವಕಥೆಯಾಗಿ ಬಂದ ಈ ಎರಡನೆಯದನ್ನು ಮೈಕ್ ಫ್ಲಾನಗನ್ ನಿರ್ದೇಶಿಸಿದರು, ಅಂಕ ಶೇ. 80 ದಾಟಿತು. ಒಂದೇ ಬೋರ್ಡ್, ಒಂದೇ ದೆವ್ವ, ಫಲಿತಾಂಶದಲ್ಲಿ ಆಕಾಶ ಭೂಮಿ ವ್ಯತ್ಯಾಸ. ಆದರೆ ಚಿತ್ರಮಂದಿರದಿಂದ ಹೊರಬರುವ ಜನರನ್ನು ನಿಲ್ಲಿಸಿ ಗ್ರೇಡ್ ಕೇಳುವ ಸಿನಿಮಾಸ್ಕೋರ್ ಅನ್ನೋ ಸಂಸ್ಥೆ ಇದೆಯಲ್ಲ, ಅಲ್ಲಿ ಎರಡಕ್ಕೂ ಸಿಕ್ಕಿದ್ದು ಒಂದೇ ಗ್ರೇಡ್. ಸಿ. ಕೆಟ್ಟದ್ದಕ್ಕೂ ಸಿ, ಒಳ್ಳೆಯದಕ್ಕೂ ಸಿ. ಗಳಿಕೆ ನೋಡಿದರೆ ಕೆಟ್ಟದ್ದು 10 ಕೋಟಿ ಡಾಲರ್ ದಾಟಿತು, ಒಳ್ಳೆಯದು 8 ಕೋಟಿಯ ಹತ್ತಿರ ನಿಂತಿತು. ಇನ್ನು ಮುಂದೆ ಒಳ್ಳೆಯ ಸಿನಿಮಾ ಮಾಡಬೇಕು ಅಂತ ಯಾವ ನಿರ್ಮಾಪಕನಿಗೆ ದೆವ್ವ ಹಿಡಿದಿರುತ್ತದೆ, ಹೇಳಿ?

2012ರ 'ದಿ ಡೆವಿಲ್ ಇನ್‌ಸೈಡ್' ನೆನಪಿದೆಯಾ? ಅದೂ ದೆವ್ವ ಹಿಡಿಯುವ ಕಥೆಯೇ. ಕೊನೆಯಲ್ಲಿ ಪರದೆ ಕಪ್ಪಾಗಿ, ಹೆಚ್ಚಿನ ಮಾಹಿತಿಗೆ ಈ ವೆಬ್‌ಸೈಟ್ ನೋಡಿ ಅಂತ ವಿಳಾಸ ಬಂತು. ಜನ ಎಫ್ ಗ್ರೇಡ್ ಕೊಟ್ಟು ಶಾಪ ಹಾಕಿದರು. ಅದೂ 10 ಕೋಟಿ ಡಾಲರ್ ದುಡಿಯಿತು. 2018ರ 'ಹೆರೆಡಿಟರಿ' ನಿಜವಾಗಿ ಹೆದರಿಸಿತು. ಅದಕ್ಕೆ ಡಿ ಪ್ಲಸ್. ಹೆದರಿಸದಿದ್ದರೆ ಮೋಸ, ಹೆದರಿಸಿದರೆ ಅಪರಾಧ. ದೆವ್ವ ಆಗಿ ಹುಟ್ಟುವುದೇ ಬೇಡಪ್ಪ.

ಹುಟ್ಟಿದರೂ ಈಗ ಸುಮ್ನೆ ಬಿಡುವುದಿಲ್ಲ. ಬಯೋಡೇಟಾ ಕೊಡಬೇಕು. ಮೊದಲ ಸಿನಿಮಾದಲ್ಲಿ ದೆವ್ವ ಬಂತು, ಯಾಕೆ ಬಂತು ಗೊತ್ತಿಲ್ಲ, ಅದಕ್ಕೇ ಎದೆ ಝಲ್ಲೆಂದಿತು. ಆದರೆ ನೋಡುಗನಿಗೆ ನಿದ್ದೆ ಬರುವುದಿಲ್ಲ. ಭಯದಿಂದಲ್ಲ, ವಿವರ ಸಾಲದೆ. ಹುಟ್ಟಿದ ಊರು ಯಾವುದು, ಸತ್ತದ್ದು ಹೇಗೆ, ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ ಅನುಭವ? ಸರಿ, ಪೂರ್ವಕಥೆ ತಯಾರು. 'ಒರಿಜಿನ್ ಆಫ್ ಈವಿಲ್'ನ ನೆಲಮಾಳಿಗೆಯಲ್ಲಿ ಒಬ್ಬ ಕ್ರೂರ ವೈದ್ಯ, ಅವನ ಪ್ರಯೋಗಗಳು, ನರಳಿ ಸತ್ತವರು, ಎಲ್ಲಕ್ಕೂ ಪೋಲಿಷ್ ಭಾಷೆಯಲ್ಲಿ ಲಿಖಿತ ದಾಖಲೆ. ಅರ್ಜಿ ಪೂರ್ತಿ ತುಂಬಿದ ಮೇಲೆ ನೋಡುಗ ಏನಂದ? "ಜಾಸ್ತಿ ವಿವರಿಸಿಬಿಟ್ರು, ಭಯ ಹೊರಟುಹೋಯ್ತು."

ಒಂದು ಗೊಂಬೆಯ ಕಥೆ ಇನ್ನೂ ಮಜಾ. 2013ರ 'ದಿ ಕಾಂಜುರಿಂಗ್'ನಲ್ಲಿ ಅದು ಗಾಜಿನ ಪೆಟ್ಟಿಗೆಯಲ್ಲಿ ತೆಪ್ಪಗೆ ಕೂತಿತ್ತು. ಮರುವರ್ಷವೇ ಅದರ ಹಿಂದಿನ ಕಥೆ ಬಂತು, 'ಅನಬೆಲ್'. ಜನ ಗೊಣಗಿದರು. 2017ರಲ್ಲಿ ಆ ಹಿಂದಿನ ಕಥೆಯ ಹಿಂದಿನ ಕಥೆ ಬಂತು. ಗೊಂಬೆಗೆ ವಂಶವೃಕ್ಷ ಸಿಕ್ಕಿದೆ. ಇನ್ನು ಬಾಕಿ ಉಳಿದಿರುವುದು ಅದನ್ನು ಕೆತ್ತಿದ ಮರದ ಬೀಜದ ಕಥೆ.

ಆದರೆ ಈ ವಿಷಯದಲ್ಲಿ ಮುಕುಟಮಣಿ ಅಂದರೆ 'ಎಕ್ಸಾರ್ಸಿಸ್ಟ್' ಪಾದ್ರಿಯದು. 1973ರ ಸಿನಿಮಾದಲ್ಲಿ ದೆವ್ವ ಬಿಡಿಸಲು ಬರುವ ವಯಸ್ಸಾದ ಪಾದ್ರಿ ಮೆರಿನ್ ಇದ್ದಾರಲ್ಲ, ಅವರು ಹರೆಯದಲ್ಲಿ ಆಫ್ರಿಕದಲ್ಲಿ ಏನು ಮಾಡುತ್ತಿದ್ದರು ಅಂತ ಯಾರಿಗೋ ಕುತೂಹಲ ಹುಟ್ಟಿತು. ಪಾಲ್ ಶ್ರೇಡರ್ ಅವರಿಗೆ ಕೊಟ್ಟು ಸಿನಿಮಾ ಮಾಡಿಸಿದರು. ಮಾಡಿದ ಮೇಲೆ ಕಂಪನಿಯವರು ನೋಡಿದರು. ಇದರಲ್ಲಿ ಪಾದ್ರಿಗೆ ನಂಬಿಕೆಯ ಚಿಂತೆಯೇ ಜಾಸ್ತಿ, ರಕ್ತ ಕಡಿಮೆ ಅನಿಸಿತು. ಹಾಗಾದರೆ ನಾಲ್ಕು ದೃಶ್ಯ ಸೇರಿಸಬಹುದಿತ್ತು, ಅಲ್ವಾ? ಇಲ್ಲ. ರೆನಿ ಹಾರ್ಲಿನ್ ಅನ್ನೋ ಇನ್ನೊಬ್ಬ ನಿರ್ದೇಶಕರನ್ನು ಕರೆಸಿ, ಅದೇ ನಟನನ್ನು ನಿಲ್ಲಿಸಿ, ಹೆಚ್ಚುಕಡಿಮೆ ಪೂರ್ತಿ ಸಿನಿಮಾವನ್ನೇ ಮತ್ತೆ ತೆಗೆಸಿದರು. 2004ರಲ್ಲಿ ಅದು ಬಿಡುಗಡೆಯಾಯಿತು. ನೋಡಿದವರು ಹಿಡಿದು ಜಾಡಿಸಿದರು. ಆಗ ಕಪಾಟಿನಲ್ಲಿ ಬಿದ್ದಿದ್ದ ಮೊದಲನೆಯದರ ನೆನಪಾಗಿ, 2005ರಲ್ಲಿ ಅದನ್ನೂ ಬಿಟ್ಟರು.

ಹೀಗಾಗಿ ಒಬ್ಬ ಪಾದ್ರಿ, ಒಬ್ಬ ನಟ, ಎರಡು ಪೂರ್ವಾಶ್ರಮ! ಸ್ಟೆಲನ್ ಸ್ಕಾರ್ಸ್‌ಗಾರ್ಡ್ ಎರಡರಲ್ಲೂ ಅದೇ ಮುಖ ಹೊತ್ತು ಅದೇ ಸೈತಾನನ ಜೊತೆ ಗುದ್ದಾಡುತ್ತಾರೆ. ಇದನ್ನು ನೋಡಿ ಜನ ನಕ್ಕು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಎರಡರಲ್ಲಿ ಯಾವುದು ನಿಜವಾದ ಪೂರ್ವಕಥೆ ಅಂತ ವಾದ ನಡೆಸುವವರು ಇದ್ದಾರೆ. ಯಾವುದು ಒಳ್ಳೆಯದು ಅಂತಲ್ಲ ನೋಡಿ, ಯಾವುದು ಕಡಿಮೆ ಕೆಟ್ಟದ್ದು ಅಂತ. ಅಷ್ಟು ಹೊತ್ತು ಕೂತು ವಾದ ಮಾಡುವವರ ಮೈಯಿಂದ ದೆವ್ವ ಬಿಡಿಸಲು ಪಾದ್ರಿ ಸಾಲದು.

ಓಯಿಜಾ ಬೋರ್ಡಿಗೆ ವಾಪಸ್ ಬರೋಣ. ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಆಟಿಕೆಯಾಗಿ. 1966ರಲ್ಲಿ ಮನೊಪಲಿ ಆಟದ ಪಾರ್ಕರ್ ಬ್ರದರ್ಸ್ ಕಂಪನಿ ಇದನ್ನು ಕೊಂಡಿತು. 1991ರಲ್ಲಿ ಆ ಕಂಪನಿಯನ್ನೇ ಹ್ಯಾಸ್ಬ್ರೋ ನುಂಗಿತು. ಮಕ್ಕಳ ಆಟಿಕೆ ಮಾರುವ ಹ್ಯಾಸ್ಬ್ರೋ. ಈ ಎರಡೂ ಸಿನಿಮಾಗಳ ನಿರ್ಮಾಣದಲ್ಲಿ ಪಾಲುದಾರ ಅದೇ ಹ್ಯಾಸ್ಬ್ರೋ! ನಮ್ಮ ಕಂಪನಿಯ ಆಟಿಕೆ ಮನೆಗೆ ತಂದರೆ ನಿಮ್ಮ ಮಗುವಿಗೆ ದೆವ್ವ ಹಿಡಿಯುತ್ತದೆ, ಮನೆಮಂದಿ ಸಾಯುತ್ತಾರೆ ಅಂತ ಕಂಪನಿಯೇ ದುಡ್ಡು ಹಾಕಿ ಸಿನಿಮಾ ತೆಗೆದು ತೋರಿಸಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ನೋಡಿದ್ದೇವೆ. ತೊಟ್ಟಿಲು ತೂಗುವುದಕ್ಕೂ ಚಿವುಟುವುದಕ್ಕೂ ಬೇರೆಬೇರೆ ಟಿಕೆಟ್ ಇಟ್ಟವರು ಇವರೇ. ಎಂಥಾ ಪ್ರಾಮಾಣಿಕತೆ! ಬೇರೆ ಯಾವ ಕಂಪನಿ ತನ್ನ ಸರಕಿನ ದೋಷವನ್ನು ಹೀಗೆ ಒಪ್ಪಿಕೊಂಡಿದೆ?

ಸಿನಿಮಾಕ್ಕೆ ಸಿಕ್ಕಿದ್ದು ಪಿಜಿ-13. ಅಂದರೆ 13 ವರ್ಷದೊಳಗಿನ ಮಕ್ಕಳ ಬಗ್ಗೆ ತಂದೆತಾಯಿಗೆ ಎಚ್ಚರಿಕೆ. ಬೋರ್ಡಿನ ಡಬ್ಬಿಯ ಮೇಲೆ ಇರುವುದು 8 ವರ್ಷ ಮತ್ತು ಮೇಲ್ಪಟ್ಟವರಿಗೆ ಅಂತ. ದೆವ್ವ ನೋಡಲು 13 ಆಗಬೇಕು, ದೆವ್ವ ಕರೆಯಲು 8 ಸಾಕು.

ಸಿನಿಮಾ ಚೆನ್ನಾಗಿಲ್ಲ ಅಂದವರೂ ಕೊನೆಗೆ ದನಿ ತಗ್ಗಿಸಿ ಒಂದು ಮಾತು ಸೇರಿಸುತ್ತಾರೆ: "ಆದ್ರೆ ಆ ಬೋರ್ಡ್ ಮಾತ್ರ ಮುಟ್ಬೇಡಿ. ಮೇಲಿನ ತುಂಡು ತಾನಾಗೇ ಚಲಿಸುತ್ತೆ." ತಾನಾಗೇ ಏನೂ ಚಲಿಸುವುದಿಲ್ಲ. ನಮಗೇ ಗೊತ್ತಾಗದಂತೆ ನಮ್ಮ ಬೆರಳಿನ ಸ್ನಾಯುಗಳು ಅದನ್ನು ತಳ್ಳುತ್ತವೆ ಎಂಬುದಕ್ಕೆ ವಿಲಿಯಂ ಕಾರ್ಪೆಂಟರ್ ಎಂಬ ಇಂಗ್ಲಿಷ್ ವಿಜ್ಞಾನಿ 1852ರಲ್ಲೇ ವಿವರಣೆ ಕೊಟ್ಟಿದ್ದಾರೆ, ಬೋರ್ಡ್ ಹುಟ್ಟುವುದಕ್ಕೂ ಮೊದಲೇ. ಆಡುವವರ ಕಣ್ಣಿಗೆ ಬಟ್ಟೆ ಕಟ್ಟಿ, ಗೊತ್ತಾಗದಂತೆ ಬೋರ್ಡ್ ತಿರುಗಿಸಿಡಿ. ಪರಲೋಕದ ಆತ್ಮಕ್ಕೆ ತಕ್ಷಣ ಅಕ್ಷರ ಮರೆತುಹೋಗುತ್ತದೆ. ದೆವ್ವಕ್ಕೂ ನಮ್ಮ ಕಣ್ಣೇ ಬೇಕು.

ಇಲ್ಲಿಯತನಕ ನಗಬಹುದು. ನನಗೆ ನಗು ನಿಲ್ಲುವುದು "ನಿಜ ಘಟನೆ ಆಧಾರಿತ ಅಂತ ಗೊತ್ತಾದ ಮೇಲೆ ಇನ್ನೂ ಮಜಾ ಬಂತು" ಅನ್ನುವವರ ಹತ್ತಿರ.

ಯಾವ ನಿಜ ಘಟನೆ? 2005ರ 'ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್' ಸಿನಿಮಾಕ್ಕೆ ಆಧಾರವಾದದ್ದನ್ನೇ ನೋಡಿ. ಪಶ್ಚಿಮ ಜರ್ಮನಿಯ ಒಬ್ಬ ವಿದ್ಯಾರ್ಥಿನಿಗೆ ಮೂರ್ಛೆ ರೋಗವಿತ್ತು. ವೈದ್ಯರು ಅದನ್ನು ಗುರುತಿಸಿದ್ದರು. ಮನೆಯವರು ದೆವ್ವ ಅಂದರು. ಇಬ್ಬರು ಪಾದ್ರಿಗಳು ಬಂದರು. ತಿಂಗಳುಗಟ್ಟಲೆ, 67 ಸಲ, ದೆವ್ವ ಬಿಡಿಸುವ ವಿಧಿ ನಡೆಯಿತು. ಹುಡುಗಿ ಊಟ ಬಿಟ್ಟಳು. 1976ರ ಜುಲೈ 1ರಂದು ಸತ್ತಾಗ ಅವಳಿಗೆ 23 ವರ್ಷ, ತೂಕ ಸುಮಾರು 30 ಕಿಲೋ. ಸಾಯುವ ಒಂದು ವಾರ ಮೊದಲು ಚಿಕಿತ್ಸೆ ಕೊಡಿಸಿದ್ದರೂ ಉಳಿಯುತ್ತಿದ್ದಳು ಎಂದು ಸರ್ಕಾರಿ ವಕೀಲರು ವಾದಿಸಿದರು. 1978ರಲ್ಲಿ ತಂದೆತಾಯಿ ಮತ್ತು ಇಬ್ಬರೂ ಪಾದ್ರಿಗಳು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರು ಅಂತ ತೀರ್ಪಾಯಿತು. ಯಾರೂ ಜೈಲಿಗೆ ಹೋಗಲಿಲ್ಲ, ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು.

ಆ ವಿಧಿಗಳ ಧ್ವನಿಮುದ್ರಣ ಉಳಿದಿದೆ. ಅದನ್ನು ಹುಡುಕಿ ಕೇಳುವವರಿದ್ದಾರೆ. ಕೇಳಿ, ಇದಕ್ಕೆ ಹೋಲಿಸಿದರೆ ಸಿನಿಮಾ ಏನೂ ಅಲ್ಲ ಅಂತ ಮೆಚ್ಚುವವರಿದ್ದಾರೆ. ಹಸಿವಿನಿಂದ ಸಾಯುತ್ತಿರುವ ಹುಡುಗಿಯ ಕಿರುಚಾಟಕ್ಕೂ ನಿಮ್ಮ ಹತ್ತಿರ ಸ್ಟಾರ್ ಇದೆಯಾ? ದೆವ್ವದ ಸಿನಿಮಾಗಳಲ್ಲಿ ಡಾಕ್ಟರು ಹೆಚ್ಚಾಗಿ ದಡ್ಡ, ತಲೆಯಾಡಿಸಿ ಹೋಗಿಬಿಡುತ್ತಾನೆ, ಆಮೇಲೆ ಪಾದ್ರಿ ಬಂದು ಗೆಲ್ಲುತ್ತಾನೆ. ನಿಜದಲ್ಲಿ ಡಾಕ್ಟರು ಹೇಳಿದ್ದೇ ಸರಿಯಿತ್ತು, ಹುಡುಗಿ ಸತ್ತಳು. ಅದನ್ನು ನೋಡಿ ಬಂದು ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಅನ್ನುತ್ತೀರಿ. ಸಾಕು ಮಾಡಿ.

ಹೋಗಲಿ ಬಿಡಿ. ನಾನು ಎಷ್ಟು ಕೂಗಾಡಿದರೂ ಮುಂದಿನದು ಬಂದೇ ಬರುತ್ತದೆ. ಮೊದಲ 'ಓಯಿಜಾ' ಸಿನಿಮಾದ ಹುಡುಗಿಯ ಹಿಂದಿನ ಕಥೆ ಆಯಿತು, ಅವಳೊಳಗೆ ಹೊಕ್ಕ ದೆವ್ವಗಳ ಹಿಂದಿನ ಕಥೆಯೂ ಆಯಿತು. ಇನ್ನು ಆ ನೆಲಮಾಳಿಗೆ ವೈದ್ಯ ಒಬ್ಬ ಬಾಕಿ ಇದ್ದಾನೆ. ಅವನ ಬಾಲ್ಯ ತೋರಿಸಿಲ್ಲ, ಕಾಲೇಜು ತೋರಿಸಿಲ್ಲ, ಯಾವ ಮೇಷ್ಟ್ರ ಹತ್ತಿರ ಕಲಿತ ಅಂತಲೂ ಹೇಳಿಲ್ಲ. ಅದನ್ನೂ ತೆಗೆಯುತ್ತಾರೆ, ಜನ ಹೋಗುತ್ತಾರೆ, ಹೊರಬಂದು ಸಿ ಕೊಡುತ್ತಾರೆ.