ಕೋಳಿಯನ್ನು ಕೂರಿಸಿಕೊಂಡು ಅರೆದ ಮಸಾಲೆ

ಡಿಸೆಂಬರ್ ಬಂತೆಂದರೆ ಮೈಸೂರಿನವರಿಗೆ ಚಳಿ ಆಗಲೇಬೇಕು. ಬೆಳಗಿನ ಹೊತ್ತು ಥರ್ಮಾಮೀಟರ್ 15-16 ಡಿಗ್ರಿ ತೋರಿಸುತ್ತಿರುತ್ತದೆ. ದಿಲ್ಲಿಯವರು ಕೇಳಿದರೆ ನಕ್ಕಾರು. ನಾವು ಮಾತ್ರ ಮಂಕಿ ಕ್ಯಾಪ್ ಹಾಕಿ, ಕಿವಿಗೆ ಹತ್ತಿ ಇಟ್ಟು, ಹಾಲಿನ ಬೂತಿಗೆ ಹೋಗಿ ಬಂದದ್ದನ್ನೂ ಕೈಲಾಸ ಯಾತ್ರೆಯ ಹಾಗೆ ಹೇಳಿಕೊಳ್ಳುತ್ತೇವೆ. ನಾನೂ ಅದೇ ಪೈಕಿ. ಹೋದ ವರ್ಷ ಒಂದು ಬೆಳಿಗ್ಗೆ ಸ್ವೆಟರಿನ ಮೇಲೆ ಶಾಲು ಹೊದ್ದು ಹಿತ್ತಲಿಗೆ ಹೋದೆ. ನಮ್ಮ ಕೋಳಿಗಳು ಬರಿಮೈಯಲ್ಲಿ ನಿಂತಿದ್ದವು. ಕರುಳು ಚುರುಕ್ ಅಂತು. ಆಮೇಲಿನ ಎಲ್ಲ ಅನಾಹುತಕ್ಕೂ ಆ ಚುರುಕ್ಕೇ ಕಾರಣ.

ನಮ್ಮ ಮನೆ ಕುಂಬಾರಕೊಪ್ಪಲಿನ ಪಕ್ಕದಲ್ಲಿದೆ. ಹಿತ್ತಲಲ್ಲಿ ಒಂದು ನುಗ್ಗೆಮರ, ಒಂದು ಒಗೆಯುವ ಕಲ್ಲು, ನಾಲ್ಕು ಕೋಳಿ. ಚುಕ್ಕಿ ಐದು ವರ್ಷದ ನಾಟಿ ಕೋಳಿ. ಪೆನ್ಷನ್ ತಗೊಳ್ಳುವ ವಯಸ್ಸು. ಗಿರಿಜಕ್ಕ ಗಿರಿರಾಜ ತಳಿಯವಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲಿಕ್ಕೆಂದೇ ಮಾಡಿದ ತಳಿ ಅದು. ಮೈ ದೊಡ್ಡದು, ಕಾಲು ಪಾಪ ಅವೇ ಎರಡು. ಎತ್ತರದ ಕೋಲಿನಿಂದ ದಿನಾ ಧೊಪ್ಪನೆ ಹಾರಿ ಹಾರಿ ಅಂಗಾಲಲ್ಲಿ ಗಂಟು ಕಟ್ಟಿತ್ತು, ಕುಂಟುತ್ತಿದ್ದಳು. ಕರಿಯವ್ವನಿಗೆ ಗರಿ ಉದುರುವ ಕಾಲ. ಕುತ್ತಿಗೆ ಬೋಳು, ಬಾಲ ಮಾಯ. ಪೇಪರ್ ಹಾಕುವ ಹುಡುಗ ನೋಡಿ, "ಆಂಟಿ, ಅರ್ಧ ಕಿತ್ತು ಬಿಟ್ಬಿಟ್ರಾ?" ಎಂದು ಕೇಳಿದ್ದ. ನಾಲ್ಕನೆಯವನು ಹುಂಜ, ಹೆಸರು ಸಿಪಾಯಿ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ಕಾಟ ಕೊಟ್ಟಿದ್ದರಲ್ಲಿ ಅವನೇ ಮೊದಲಿಗ. ಅದು ಆಮೇಲೆ.

ಮೊದಲ ಕೆಲಸ ಅಂತ ಗೂಡಿಗೆ ಸುತ್ತಲೂ ಟಾರ್ಪಾಲು ಕಟ್ಟಿದೆ. ಗಾಳಿ ಬಿಡಿ, ಸೊಳ್ಳೆಯೂ ನುಸುಳದ ಹಾಗೆ. ಮೇಲುಗಡೆ ಇದ್ದ ಜಾಲರಿಗೂ ಹಳೆಯ ಬೆಡ್‌ಶೀಟು ತುರುಕಿದೆ. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರು. ಅವರು ಪಾಂಡವಪುರದ ಕಡೆಯವರು. "ಅದ್ಕೆ ಯಾಕವ್ವ ಅಷ್ಟೊಂದು ವದಿಸ್ತೀಯ? ದೇವ್ರೇ ವದಿಸವ್ನಲ್ಲ" ಎಂದರು. ಹಳ್ಳಿಯವರಿಗೆ ಏನು ಗೊತ್ತು ಎಂದುಕೊಂಡೆ.

ನಾಲ್ಕನೇ ದಿನ ಚುಕ್ಕಿ ಸೀನಿದಳು. ಕೋಳಿ ಸೀನುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ಚಿಕ್ಕ ಮಗು ಕೋಪ ಮಾಡಿಕೊಂಡು "ಚ್ಯಿ" ಅಂದ ಹಾಗಿರುತ್ತದೆ. ಮೈಯ ಗರಿಯನ್ನೆಲ್ಲ ಉಬ್ಬಿಸಿಕೊಂಡು, ಒಂಟಿ ಕಾಲಲ್ಲಿ, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿದ್ದಳು. ಕೋಳಿ ಹಾಗೆ ನಿಂತಿತೆಂದರೆ ಕಾಯಿಲೆ ಆಗಲೇ ಜೋರಾಗಿದೆ ಅಂತ ಲೆಕ್ಕ. ಮೈ ಸರಿಯಿಲ್ಲ ಅನ್ನುವುದನ್ನು ಅವು ಆದಷ್ಟೂ ಮುಚ್ಚಿಡುತ್ತವೆ. ಗೊತ್ತಾದರೆ ಉಳಿದವು ಕುಕ್ಕುತ್ತವೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಹೆದರಿಕೆ ಆಗಿದ್ದು ಕೊಕ್ಕರೆ ರೋಗದ್ದು. ಇಂಗ್ಲಿಷ್ ಪುಸ್ತಕದಲ್ಲಿ ನ್ಯೂಕ್ಯಾಸಲ್ ಅಂತಾರೆ, ನಮ್ಮ ಡಾಕ್ಟರುಗಳು ರಾಣಿಖೇತ್ ಅಂತಾರೆ. ರಾಣಿಖೇತ್ ಉತ್ತರಾಖಂಡದ ಒಂದು ಚೆಂದದ ಗಿರಿಧಾಮ. ಪಾಪ, ಆ ಊರಿನ ಹೆಸರು ಹೋಗಿ ಹೋಗಿ ಕೋಳಿ ರೋಗಕ್ಕೆ ಅಂಟಿಕೊಂಡಿತು. ನಮ್ಮೂರಿನ ಹೆಸರು ಪಾಕಿಗೆ ಅಂಟಿತಲ್ಲ, ಪುಣ್ಯ.

ಚುಕ್ಕಿಯನ್ನು ವೈರ್ ಬ್ಯಾಗಿನಲ್ಲಿ ಕೂರಿಸಿ ಆಟೋ ಹತ್ತಿದೆ. ಬ್ಯಾಗಿನಿಂದ ತಲೆ ಹೊರಗೆ ಬಂತು. ಆಟೋದವರು ಕನ್ನಡಿಯಲ್ಲಿ ನೋಡಿದರು.

"ಸಾರಿಗಾ ಮೇಡಂ?"

"ಇಲ್ಲಪ್ಪ, ಆಸ್ಪತ್ರೆಗೆ. ನೆಗಡಿ ಆಗಿದೆ."

ಸ್ವಲ್ಪ ದೂರ ಸುಮ್ಮನಿದ್ದರು. ಆಮೇಲೆ ತಡೆಯಲಾಗಲಿಲ್ಲ. "ಒಳ್ಳೇದೇ ಬುಡಿ ಮೇಡಂ, ಕುಯ್ಯೋಕ್ ಮುಂಚೆ ಒಂದ್ಸಲ ಚೆಕಪ್ ಮಾಡ್ಸೋದು" ಎಂದರು.

ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಹಸು, ಒಂದು ಪಮೇರಿಯನ್ ನಾಯಿ. ನಾಯಿಯ ಯಜಮಾನಿ ನನ್ನ ಬ್ಯಾಗನ್ನೂ ನನ್ನನ್ನೂ ಒಂದೇ ಥರ ನೋಡಿದರು. ಡಾಕ್ಟರು ಚುಕ್ಕಿಯ ಕೊಕ್ಕು ಬಿಡಿಸಿ ನೋಡಿದರು, ಮುಖ ಊದಿದೆಯಾ ಅಂತ ಮುಟ್ಟಿದರು. ಕತ್ತು ತಿರುಚುತ್ತಾಳಾ, ಹಿಕ್ಕೆ ಹಸಿರಾಗಿದೆಯಾ, ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದರು. ಲಸಿಕೆ ಆಗಿತ್ತು. ಉಳಿದದ್ದು ಇರಲಿಲ್ಲ. ಕೊನೆಗೆ, "ರಾತ್ರಿ ಎಲ್ಲಿ ಮಲಗಿಸ್ತೀರಿ?" ಎಂದರು. ನಾನು ಟಾರ್ಪಾಲಿನ ವಿಷಯ ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನಾಳೆ ಬೆಳಿಗ್ಗೆ ಗೂಡಿನೊಳಗೆ ನೀವೇ ತಲೆ ಹಾಕಿ ಒಂದು ನಿಮಿಷ ಇರಿ. ಆಮೇಲೆ ಔಷಧಿ ಯಾರಿಗೆ ಬೇಕು ಅಂತ ಹೇಳಿ."

ಹಾಕಿದೆ. ಒಂದು ನಿಮಿಷ ಎಲ್ಲಿ ಬಂತು, ಹತ್ತು ಎಣಿಸುವಷ್ಟರಲ್ಲಿ ಕಣ್ಣಲ್ಲಿ ಧಾರೆ. ಹಿಕ್ಕೆಯಿಂದ ಏಳುವ ಅಮೋನಿಯಾ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ನಾಲ್ಕು ಕೋಳಿ ರಾತ್ರಿಯಿಡೀ ಉಸಿರು ಬಿಟ್ಟ ತೇವ ಟಾರ್ಪಾಲಿನ ಒಳಮೈಯಿಂದ ತೊಟ್ಟಿಕ್ಕುತ್ತಿತ್ತು. ತಲೆ ಹೊರಗೆ ತೆಗೆಯಲು ಹೋದರೆ ಜಡೆ ಜಾಲರಿಗೆ ಸಿಕ್ಕಿಕೊಂಡಿತು. ಅತ್ತೆ ಬಂದು ಬಿಡಿಸುವವರೆಗೆ ಸಿಪಾಯಿ ನನ್ನ ಕಿವಿಯೋಲೆಯನ್ನು ಪರೀಕ್ಷೆ ಮಾಡಿದ.

ಕೋಳಿಯ ಮೈ ಕಾವು 41 ಡಿಗ್ರಿ ದಾಟಿರುತ್ತದೆ. ನಮಗೆ ಅಷ್ಟು ಬಂದರೆ ಆಸ್ಪತ್ರೆಗೆ ಸೇರಿಸುತ್ತಾರೆ. ಗರಿ ಉಬ್ಬಿಸಿದರೆ ನಡುವೆ ಗಾಳಿ ನಿಂತು ಅದೇ ರಜಾಯಿ. ಮೈಸೂರಿನ ಚಳಿ ಅವಕ್ಕೆ ಲೆಕ್ಕಕ್ಕೇ ಇಲ್ಲ. ಒದ್ದೆ ಆಗದು, ಮೈಮೇಲೆ ನೇರ ಬೀಸುವ ಗಾಳಿ ಆಗದು, ಕೆಟ್ಟ ಗಾಳಿ ಅಂತೂ ಆಗಲೇ ಆಗದು. ಅತ್ತೆ ಹೇಳಿದ ಮಾತನ್ನೇ ಡಾಕ್ಟರು ಡಿಗ್ರಿ ಲೆಕ್ಕದಲ್ಲಿ ಹೇಳಿದ್ದರು. ಟಾರ್ಪಾಲು ಬಿಚ್ಚಿದೆವು. ಗಾಳಿ ಬೀಸುವ ಒಂದು ಕಡೆಗೆ ಮಾತ್ರ ಕೆಳಗೆ ಗೋಣಿಚೀಲ ಕಟ್ಟಿ, ಮೇಲಿನ ಜಾಲರಿ ತೆರೆದೆವು. ಪಾಂಡವಪುರದ ಕಡೆಯ ಅಕ್ಕಿ ಗಿರಣಿಯಿಂದ ಎರಡು ಮೂಟೆ ಭತ್ತದ ಹೊಟ್ಟು ಬಂತು. ಅದನ್ನು ದಪ್ಪಗೆ ಹಾಸಿ, ದಿನಾ ಒಮ್ಮೆ ಕೆದಕಿ, ಒದ್ದೆ ಆದದ್ದನ್ನು ತೆಗೆಯುವುದು. ಕೂರುವ ಕೋಲನ್ನು ಗಿರಿಜಕ್ಕನ ಕಾಲಿನ ಸಲುವಾಗಿ ಮೊಣಕಾಲೆತ್ತರಕ್ಕೆ ಇಳಿಸಿದೆವು. ಇಷ್ಟರಲ್ಲೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಅತ್ತೆಗೆ ಆಸ್ಪತ್ರೆ ಔಷಧಿಯ ಮೇಲೆ ಅರ್ಧ ನಂಬಿಕೆ. "ನಮ್ ಕಾಲ್ದಲ್ಲಿ ಕೋಳಿ ಸೀನುದ್ರೆ ಡಾಕ್ಟ್ರತ್ರ ಓಯ್ತಿರ್ನಿಲ್ಲ, ಸೀದಾ ಒಲೆ ಅತ್ರ ಓಯ್ತಿತ್ತು" ಎನ್ನುತ್ತಲೇ ಅವಳಿಗೆ ತಮ್ಮದೊಂದು ಮದ್ದು ಮಾಡಲು ಕೂತರು. ಒರಳುಕಲ್ಲಿನ ಮುಂದೆ ಬೆಳ್ಳುಳ್ಳಿ, ಮೆಣಸು, ಅರಿಶಿನ, ತುಳಸಿ. ಚುಕ್ಕಿ ತೊಡೆಯ ಮೇಲೆ. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುವ ಗಾದೆ ನಮ್ಮ ಮನೆಯಲ್ಲಿ ಅವತ್ತಿಗೆ ಸುಳ್ಳಾಯಿತು. ಕೋಳಿಯನ್ನು ಕೂರಿಸಿಕೊಂಡು, ಅದರ ಆರೋಗ್ಯ ವಿಚಾರಿಸುತ್ತಾ ಅರೆದರು. ಗುಂಡುಕಲ್ಲು ತಿರುಗಿದ ಹಾಗೆಲ್ಲ ಚುಕ್ಕಿಯ ಕತ್ತು ಒಳಗೆ ಒಳಗೆ ಹೋಗುತ್ತಿತ್ತು. ಬೆಳ್ಳುಳ್ಳಿ ವಾಸನೆ ಬಂದ ಮೇಲಂತೂ ಒಂದೇ ನೆಗೆತಕ್ಕೆ ಕಾಂಪೌಂಡ್ ಹತ್ತಿ ಕೂತಳು. ಎರಡು ದಿನದಿಂದ ಕಾಲೆತ್ತಲಾಗದವಳು! ಮದ್ದು ಹೊಟ್ಟೆಗೆ ಹೋಗುವ ಮೊದಲೇ ಕೆಲಸ ಮಾಡಿತು ಅಂತ ಅತ್ತೆ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಗಿರಿಜಕ್ಕನ ಕಾಲಿಗೆ ದಿನಾ ಸಂಜೆ ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಹದಿನೈದು ನಿಮಿಷ ಅದ್ದಬೇಕಾಗಿತ್ತು. ಅತ್ತೆಗೂ ಮಂಡಿ ನೋವು. ನೀರು ಹೇಗೂ ಕಾದಿದೆ, ಉಪ್ಪು ಹೇಗೂ ತಂದಿದೆ. ಹಾಗಾಗಿ ಏಳು ಗಂಟೆಯ ಸೀರಿಯಲ್ ಹೊತ್ತಿಗೆ ಟಿವಿ ಮುಂದೆ ಎರಡು ಟಬ್ಬು. ಒಂದರಲ್ಲಿ ಅತ್ತೆಯ ಕಾಲು, ಇನ್ನೊಂದರಲ್ಲಿ ಗಿರಿಜಕ್ಕನ ಕಾಲು. ಸೊಸೆ ಅಳುವ ದೃಶ್ಯ ಬಂದಾಗ ಗಿರಿಜಕ್ಕ ಕೊಕ್ಕೊಕ್ಕೋ ಅನ್ನುತ್ತಿದ್ದಳು. ಅತ್ತೆ, "ಊಂ ಕಣೆ, ನಾಟ್ಕ ಆಡ್ತಾವ್ಳೆ" ಎನ್ನುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಇಬ್ಬರೂ ಯಾರ ಬಗ್ಗೆ ಮಾತಾಡುತ್ತಿದ್ದರೋ ಗೊತ್ತಿಲ್ಲ.

ಇನ್ನು ಕರಿಯವ್ವ. ಅವಳದು ಕಾಯಿಲೆಯಲ್ಲ, ಹಳೆ ಗರಿ ಬಿದ್ದು ಹೊಸದು ಬರುವ ಕಾಲ ಅಷ್ಟೇ. ಆದರೆ ಗರಿಯಲ್ಲಿ ನೂರಕ್ಕೆ 85 ಪಾಲು ಪ್ರೋಟೀನು. ಅದನ್ನೆಲ್ಲ ಅವಳು ತಿಂದೇ ಹುಟ್ಟಿಸಬೇಕು. ಹಾಗಾಗಿ ಮೊಟ್ಟೆ ಬಂದ್. ಪ್ರೋಟೀನು ಏನು ಕೊಡಲಿ ಎಂದು ಕೇಳಿದ್ದಕ್ಕೆ ಡಾಕ್ಟರು ಕಡಲೆಕಾಯಿ ಹಿಂಡಿ ಹೇಳಿದರು, ಬೇಯಿಸಿದ ಮೊಟ್ಟೆಯೂ ಆಗುತ್ತದೆ ಎಂದರು. ಮನೆಯಲ್ಲಿ ಮೊಟ್ಟೆ ಎಲ್ಲಿದೆ? ಅಂಗಡಿಗೆ ಹೋದೆ. "ಏನಕ್ಕಾ, ಮನೇಲಿ ಕೋಳಿ ಇಟ್ಕೊಂಡು ಇಲ್ಲಿಗೆ ಬಂದಿದ್ದೀರಾ?" ಅಂದರು ಅಂಗಡಿಯವರು. ಕೋಳಿಗೇ ಅಂದೆ. ಅವರು ಚಿಲ್ಲರೆ ಎಣಿಸುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಆರು ಮೊಟ್ಟೆ ತಂದು, ಬೇಯಿಸಿ, ಪುಡಿಮಾಡಿ ಕೋಳಿಗೆ ಹಾಕಿ, ನಾವು ಉಪ್ಪಿಟ್ಟು ತಿಂದೆವು.

ಮಗಳು ಅವಳ ಬೋಳು ಬೆನ್ನು ನೋಡಲಾರದೆ ಅಪ್ಪನ ಉಲ್ಲನ್ ಕಾಲುಚೀಲದ ತುದಿ ಕತ್ತರಿಸಿ ಸ್ವೆಟರ್ ಮಾಡಿದಳು. ಹಾಕಿದ ಕೂಡಲೇ ಕರಿಯವ್ವ ಹಿಂದಕ್ಕೆ ನಡೆಯಲು ಶುರು ಮಾಡಿದಳು. ತನ್ನನ್ನು ಏನೋ ಹಿಡಿದುಕೊಂಡಿದೆ, ಅದರಿಂದ ಹಿಂದೆ ಸರಿದರೆ ಬಿಟ್ಟೀತು ಎಂಬ ಲೆಕ್ಕಾಚಾರ ಇರಬೇಕು. ರಿವರ್ಸಿನಲ್ಲೇ ಹಿತ್ತಲು ದಾಟಿ ಒಗೆಯುವ ಕಲ್ಲಿನ ಪಕ್ಕದ ಸೋಪಿನ ನೀರಿಗೆ ಬಿದ್ದಳು. ಹೊಸದಾಗಿ ಮೊಳೆಯುವ ಗರಿಯಲ್ಲಿ ರಕ್ತ ಓಡಾಡುತ್ತಿರುತ್ತದೆ, ಮುಟ್ಟಿದರೂ ನೋವು ಎಂದು ಗೊತ್ತಾಗಿದ್ದು ಆಮೇಲೆ. ಕಾಲುಚೀಲ ಬಿಚ್ಚಿದೆವು. ಒಂದು ಜೊತೆ ಹಾಳಾದ ದುಃಖ ನಮ್ಮೆಜಮಾನರಿಗೆ ಇನ್ನೂ ಇದೆ.

ಅವರು ಸೇಡು ತೀರಿಸಿಕೊಂಡರೋ ಏನೋ. ಬಲ್ಬಿನ ಐಡಿಯಾ ಅವರದ್ದೇ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ಮೈಸೂರಿಗೆ ಸಿಗುವ ಹಗಲು ಹನ್ನೊಂದೂವರೆ ಗಂಟೆ. ಫಾರಂನವರು ಲೈಟ್ ಹಾಕಿ ಅದನ್ನು ಸರಿದೂಗಿಸುತ್ತಾರೆ. ನಾವೂ ಬೆಳಗಿನ ಜಾವ 5ಕ್ಕೆ ಹೊತ್ತುವ ಹಾಗೆ ಒಂದು ಡಿಜಿಟಲ್ ಟೈಮರ್ ಹಾಕೋಣ ಎಂದರು. ಹಾಕಿದರು. ಕನ್ನಡಕ ಇಲ್ಲದೆ ಹಾಕಿದರು. ಆ ಪುಟ್ಟ ಪರದೆಯಲ್ಲಿ 2ಕ್ಕೂ 5ಕ್ಕೂ ಇರುವುದು ಎಡಬಲದ ವ್ಯತ್ಯಾಸ ಅಷ್ಟೇ.

ಸರಿಯಾಗಿ ಎರಡು ಗಂಟೆಗೆ ಹಿತ್ತಲಲ್ಲಿ ಸೂರ್ಯ ಹುಟ್ಟಿದ. ಹುಂಜದೊಳಗೆ ಒಂದು ಗಡಿಯಾರ ಇರುವುದು ನಿಜ. ಆದರೆ ಕಣ್ಣಿಗೆ ಬೆಳಕು ಬಿದ್ದರೆ ಅದು ಸುಮ್ನೆ ಇರುವುದಿಲ್ಲ. ಸಿಪಾಯಿ ಕೂಗಿದ. ಒಮ್ಮೆಯಲ್ಲ, ಇಪ್ಪತ್ತು ಸಲ.

ಅದು ಧನುರ್ಮಾಸದ ಮೊದಲ ವಾರ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಗಡಿಯಾರ ನೋಡುವವರಲ್ಲ. ಕೋಳಿ ಕೂಗಿತೆಂದರೆ ಎದ್ದು ತಣ್ಣೀರು ಸ್ನಾನ, ಮಡಿ, ಸ್ಕೂಟರ್, ಒಂಟಿಕೊಪ್ಪಲಿನ ವೆಂಕಟರಮಣಸ್ವಾಮಿ ದೇವಸ್ಥಾನ. ಅವತ್ತೂ ಹಾಗೇ ಮಾಡಿದರು. ಎರಡೂವರೆಗೆ ತಣ್ಣೀರು ಸುರಿದುಕೊಂಡರು. ಮೂರು ಗಂಟೆಗೆ ದೇವಸ್ಥಾನದ ಮುಚ್ಚಿದ ಬಾಗಿಲ ಮುಂದೆ ಒದ್ದೆ ಪಂಚೆಯಲ್ಲಿ ಒಬ್ಬರೇ ನಿಂತಿದ್ದರು. ಬೀಟ್ ಪೊಲೀಸಿನವರು ಬಂದು ಯಾರು ನೀವು ಎಂದು ಕೇಳಿದರಂತೆ. ತನ್ನ ಕೋಳಿ ಕೂಗಿದರೇ ಬೆಳಗಾಗೋದು ಎಂದು ನಂಬಿದ್ದ ಅಜ್ಜಿಯ ಕಥೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವರು ಅವರು.

ಬೆಳಿಗ್ಗೆ ಕಾಂಪೌಂಡ್ ಹತ್ತಿರ ಬಂದಾಗ ಮೇಷ್ಟ್ರು ಸೀನುತ್ತಿದ್ದರು. ಅತ್ತೆ ಒಳಗೆ ಹೋಗಿ, ಚುಕ್ಕಿಗೆ ಅಂತ ಅರೆದು ಉಳಿದಿದ್ದ ಮಸಾಲೆಯಲ್ಲೇ ಕಷಾಯ ಮಾಡಿ ತಂದು ಕೊಟ್ಟರು. ಯಾರಿಗೆ ಅರೆದದ್ದು ಎಂದು ನಾವು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಬಲ್ಬಿನ ಕಥೆ ಕೇಳಿ ಡಾಕ್ಟರು, "ಗರಿ ಬರುವ ಹೊತ್ತು ಅದಕ್ಕೆ ರಜೆ ಕಣಮ್ಮ, ಓವರ್ ಟೈಮ್ ಮಾಡಿಸಬೇಡಿ" ಎಂದರು. ಬಲ್ಬು ಬಿಚ್ಚಿಟ್ಟೆವು. ಸಂಜೆ ಗೂಡು ಸೇರುವ ಮುಂಚೆ ಒಂದೊಂದು ಹಿಡಿ ಜೋಳ, ರಾಗಿ. ಅದು ರಾತ್ರಿಯೆಲ್ಲ ನಿಧಾನಕ್ಕೆ ಅರಗುತ್ತಾ ಮೈ ಬೆಚ್ಚಗಿಡುತ್ತದೆ. ಹೇನಿಗೆ ಒಂದು ಬಾಂಡ್ಲಿ ಒಲೆ ಬೂದಿ, ಹೊರಳಾಡಲಿಕ್ಕೆ. ಚುಕ್ಕಿಯ ಸೀನು ನಿಂತಿತು. ಗಿರಿಜಕ್ಕ ಈಗ ಕುಂಟುವುದು ಟಬ್ಬಿನ ಹೊತ್ತಾದಾಗ ಮಾತ್ರ. ಕರಿಯವ್ವನ ಬೆನ್ನ ಮೇಲೆ ಮುಳ್ಳುಹಂದಿಯ ಹಾಗೆ ಗರಿ ಎದ್ದಿತು.

ಒಂದು ಸಂಜೆ ಮೇಷ್ಟ್ರು ಮತ್ತೆ ಕಾಂಪೌಂಡ್ ಹತ್ತಿರ ಬಂದರು. ಕೈಯಲ್ಲಿ ದೊನ್ನೆ ತುಂಬ ದೇವಸ್ಥಾನದ ಹುಗ್ಗಿ. ನನ್ನ ಕೈಗೆ ಕೊಟ್ಟು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ನಾಳೆ ವೈಕುಂಠ ಏಕಾದಶಿ. ಕ್ಯೂ ಜಾಸ್ತಿ ಇರುತ್ತೆ. ಒಂದು ಎರಡು ಗಂಟೆಗೆ ಆ ಲೈಟು ಹಾಕೋಕೆ ಆಗುತ್ತಾ?"