ಒತ್ತಬೇಡಿ ಅಣ್ಣಾ!

ಮೊನ್ನೆ ಶನಿವಾರ ತಿಂದ ಬರ್ಗರ್ ಇನ್ನೂ ಗಂಟಲಲ್ಲೇ ಇದೆ. ಕೆಳಗಿಳಿಯಲು ಅದರಲ್ಲಿ ಒಂದು ತೊಟ್ಟು ರಸವಾದರೂ ಇರಬೇಕಲ್ಲ!

ಅಮೆರಿಕದಲ್ಲಿ ಬೇಸಿಗೆ ಬಂದರೆ ಏನಾಗುತ್ತದೆ ಅಂತ ಗೊತ್ತೇ ಇದೆ. ವರ್ಷವಿಡೀ ತಮ್ಮ ಕಾಫಿ ಲೋಟ ತೊಳೆಯದ ಗಂಡಸರೆಲ್ಲ ಏಪ್ರನ್ ಕಟ್ಟಿಕೊಂಡು ಹಿತ್ತಲಿನ ಗ್ರಿಲ್ ಮುಂದೆ ನಿಲ್ಲುತ್ತಾರೆ. ಕನೆಕ್ಟಿಕಟ್‌ನ ನಮ್ಮ ಬಳಗದಲ್ಲಿ ಆ ಜಾಗ ನನ್ನ ಷಡ್ಡಕರದ್ದು. ದೊಡ್ಡ ಅಳಿಯ ಬೇರೆ. ನಮ್ಮಿಬ್ಬರ ಅತ್ತೆ ಮೈಸೂರಿನಿಂದ ಬಂದು ಇಲ್ಲೇ ಇದ್ದಾರೆ. ಅವರೆದುರು ದೊಡ್ಡ ಅಳಿಯಂದಿರ ಅಡುಗೆಗೆ ಹೆಸರಿಡೋದುಂಟೇ?

ತಯಾರಿಯಲ್ಲೇನೋ ಅವರದು ತಪ್ಪಿಲ್ಲ. ನೂರಕ್ಕೆ 20 ಭಾಗ ಕೊಬ್ಬಿರುವ ಖೀಮಾನೇ ತರುತ್ತಾರೆ. (ಅದು ಯಾವುದರ ಖೀಮಾ ಅಂತ ಅತ್ತೆ ಕೇಳಿಲ್ಲ, ನಾವೂ ಹೇಳಿಲ್ಲ.) ಜಾಸ್ತಿ ನಾದುವುದಿಲ್ಲ. ಉಪ್ಪನ್ನು ಬೇಯಿಸುವ ಮುಂಚೆ ಮೇಲಷ್ಟೇ ಉದುರಿಸುತ್ತಾರೆ; ಒಳಗೆ ಕಲಸಿದರೆ ಮಾಂಸ ಬಿಗಿದುಕೊಳ್ಳುತ್ತದೆ. ಬೇಯುವಾಗ ಉಬ್ಬದಿರಲಿ ಅಂತ ಪ್ಯಾಟಿಯ (ಬನ್ನಿನೊಳಗೆ ಇಡುವ ಖೀಮಾ ಬಿಲ್ಲೆ) ನಡುವೆ ಹೆಬ್ಬೆರಳಿನಿಂದ ಗುಳಿ ಮಾಡುತ್ತಾರೆ. ಅತ್ತೆ ಅದನ್ನು ನೋಡಿ, "ಪೂರ್ತಿ ತೂತೇ ಮಾಡ್ಬಿಡಿ, ಉದ್ದಿನ ವಡೆ ಹಾಗೆ ಬೇಗ ಬೇಯುತ್ತೆ" ಎಂದರು. ನಗಬೇಡಿ. ವೈಟ್ ಕ್ಯಾಸಲ್ ಎಂಬ ಇಲ್ಲಿಯ ಬರ್ಗರ್ ಹೋಟೆಲಿನವರು 1950ರ ದಶಕದಿಂದ ತಮ್ಮ ಪುಟ್ಟ ಪ್ಯಾಟಿಗೆ 5 ತೂತು ಹಾಕುತ್ತಿರುವುದು ಇದೇ ಕಾರಣಕ್ಕೆ.

ಸಟ್ಟುಗ ಕೈಗೆ ಬಂದ ಮೇಲೆ ಷಡ್ಡಕರು ಬೇರೆಯೇ ಮನುಷ್ಯ. ಪ್ಯಾಟಿ ಗ್ರಿಲ್‌ಗೆ ಬಿದ್ದು ಒಂದು ನಿಮಿಷವಾಗಿಲ್ಲ, ಒತ್ತುತ್ತಾರೆ. ಚುಂಯ್ ಅನ್ನುತ್ತದೆ. ಬೆಂಕಿ ಭಗ್ಗನೆ ಮೇಲೇಳುತ್ತದೆ. ಮಕ್ಕಳು ಹೋ ಅನ್ನುತ್ತವೆ. ಮಕ್ಕಳು ಕೂಗಿದ್ದಕ್ಕೆ ಇನ್ನೊಂದು ಸಲ. ಫೋನಿನಲ್ಲಿ ಮಾತಾಡುತ್ತಾ ಒಂದು, ಬಾಲ್ ಎತ್ತಿ ಮಕ್ಕಳ ಕಡೆ ಎಸೆದು ಬಂದು ಒಂದು, ಮಗುಚಿ ಹಾಕಿ ಎರಡು, ಸುಮ್ನೆ ನಿಂತಿದ್ದಕ್ಕೆ ಒಂದು. ಆ ಚುಂಯ್ ಅಂದರೆ ಬೇರೇನಲ್ಲ ಸ್ವಾಮಿ, ನಾವು ತಿನ್ನಬೇಕಾದ ಕೊಬ್ಬು, ರಸ ಎಲ್ಲ ಬೆಂಕಿಪಾಲಾಗುವ ಸದ್ದು.

"ಅಣ್ಣಾ, ಒತ್ತಬೇಡಿ."

"ಸುಮ್ನಿರಯ್ಯಾ, ಒಳಗೆ ಬೇಯಬೇಕಲ್ಲ?"

ಬೆಂದಿದೆಯಾ ಅಂತ ತಿಳಿಯಲು ಥರ್ಮಾಮೀಟರ್ ಇದೆ. ಖೀಮಾ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಸಾಕು. ಆ ಥರ್ಮಾಮೀಟರ್ ಕೂಡ ಅವರ ಏಪ್ರನ್ ಜೇಬಿನಲ್ಲೇ ಇತ್ತು. ತೆಗೆಯಿರಿ ಅಂದೆ. "ಸ್ಮ್ಯಾಶ್ ಬರ್ಗರ್‌ನಲ್ಲಿ ಒತ್ತಲ್ವಾ?" ಅಂತ ನನಗೇ ತಿರುಗಿಸಿದರು. ಒತ್ತುತ್ತಾರೆ ನಿಜ. ಆದರೆ ಕಾದ ಕಬ್ಬಿಣದ ಕಾವಲಿ ಮೇಲೆ, ಖೀಮಾ ಉಂಡೆ ಇನ್ನೂ ತಣ್ಣಗಿದ್ದು ಕೊಬ್ಬು ಕರಗುವ ಮೊದಲೇ, ಒಂದೇ ಸಲ. ಆಮೇಲೆ ಮಗುಚೋವರೆಗೂ ಮುಟ್ಟುವುದಿಲ್ಲ. ಇವರು ಸರಳಿನ ಮೇಲಿಟ್ಟು ಇಸ್ತ್ರಿ ಮಾಡಿದರು.

ನಮ್ಮ ಕನೆಕ್ಟಿಕಟ್‌ನದೇ ನ್ಯೂ ಹೇವನ್ ಊರಲ್ಲಿ ಲೂಯಿಸ್ ಲಂಚ್ ಅಂತ ಪುಟ್ಟ ಹೋಟೆಲ್ಲಿದೆ. 1900ರಲ್ಲಿ ಹ್ಯಾಂಬರ್ಗರ್ ಶುರುಮಾಡಿದ್ದು ತಾವೇ ಅನ್ನುತ್ತಾರೆ. ಹಾಗನ್ನುವವರು ಬೇರೆ ಊರುಗಳಲ್ಲೂ ಇದ್ದಾರೆ, ಬಿಡಿ. ಅಲ್ಲಿ ಬನ್ ಇಲ್ಲ, ಟೋಸ್ಟ್ ಮಾಡಿದ ಬ್ರೆಡ್. ಕೆಚಪ್ ಕೇಳಿದರೂ ಕೊಡುವುದಿಲ್ಲ. ನನಗಿಷ್ಟವಾದದ್ದು ಅವರ ಹಳೇ ಕಬ್ಬಿಣದ ಒಲೆ. ಮಾಂಸವನ್ನು ಜಾಲರಿಯಲ್ಲಿ ಸಿಕ್ಕಿಸಿ ಒಲೆಯೊಳಗೆ ಲಂಬವಾಗಿ ನಿಲ್ಲಿಸುತ್ತಾರೆ. ಎರಡೂ ಕಡೆ ಒಟ್ಟಿಗೇ ಬೇಯುತ್ತದೆ. ಒತ್ತೋಣ ಅಂದರೂ ಸಟ್ಟುಗ ಒಳಗೆ ಹೋಗಲ್ಲ! ಎಂಥ ದೂರದೃಷ್ಟಿ.

ಆ ಟೋಸ್ಟ್ ನೋಡಿದಾಗ ಬೆಂಗಳೂರಿನ ಅಯ್ಯಂಗಾರ್ ಬೇಕರಿ ನೆನಪಾಗುತ್ತದೆ. ಬೆಣ್ಣೆ ಹಾಕಿ ಕಾವಲಿ ಮೇಲೆ ಕೆಂಪಗೆ ಮಾಡಿದ ಬ್ರೆಡ್, ಮೇಲೆ ಈರುಳ್ಳಿ ಕ್ಯಾರೆಟ್ ಪಲ್ಯ, ಪೇಪರ್ ತುಂಡಿನಲ್ಲಿಟ್ಟು ಕೊಡುತ್ತಿದ್ದರು. ಫುಟ್‌ಪಾತ್ ಮೇಲೆ ನಿಂತೇ ತಿನ್ನುತ್ತಿದ್ದೆವು. ಇಲ್ಲಿ ಬನ್ನಿಗೆ ಅಷ್ಟು ಬೆಣ್ಣೆ ಸವರಿ ಬಿಸಿ ಮಾಡಿ ಅಂದರೂ ಯಾರಿಗೂ ಪುರುಸೊತ್ತಿಲ್ಲ.

ಗ್ರಿಲ್‌ನ ಬಲಮೂಲೆ ಮಾತ್ರ ಅತ್ತೆಯದು. ಅಲ್ಲಿ ಅಲ್ಯೂಮಿನಿಯಂ ಫಾಯಿಲ್ ಹಾಸಿ ಆಲೂಗಡ್ಡೆ ಪ್ಯಾಟಿ ಇಡುತ್ತಾರೆ. ಷಡ್ಡಕರ ಸಟ್ಟುಗ ಆ ಗಡಿ ದಾಟುವ ಹಾಗಿಲ್ಲ. ಅತ್ತೆ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಶನಿವಾರ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇದ್ದದ್ದು ಅವು ಮಾತ್ರ.

ನಿನ್ನೆ ಷಡ್ಡಕರ ಫೋನ್ ಬಂತು. ಬರ್ಗರ್ ಒತ್ತುವುದಕ್ಕೆಂದೇ ಕಬ್ಬಿಣದ ಪ್ರೆಸ್ ಸಿಗುತ್ತದಂತೆ, ಆರ್ಡರ್ ಮಾಡಿದ್ದಾರಂತೆ. ಲೇಬರ್ ಡೇಗೆ (ಇಲ್ಲಿ ಅದು ಸೆಪ್ಟೆಂಬರ್‌ನ ಮೊದಲ ಸೋಮವಾರ) ಎಲ್ಲರೂ ಬರಲೇಬೇಕಂತೆ.

ಬರ್ತೀವಿ ಅಂದೆ. ಅತ್ತೆಗೆ ಗುಟ್ಟಾಗಿ ಹೇಳಿಟ್ಟಿದ್ದೇನೆ, ಅವತ್ತು ನಾನೂ ವೆಜ್ ಅಂತ.